ಸೋಮವಾರ ಗ್ಯಾಲರಿಗೆ ರಜೆ

ಕುವೈತ್ ಸಿಟಿಯ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ಸೇಸಪ್ಪ ಹನ್ನೊಂದು ವರ್ಷ ಟಿಕೆಟು ಬರೆದ. ಪಕ್ಕದ ಮೇಜು ನನ್ನದು. ಅವನು ಕಂಡದ್ದು ಮೂಲ್ಕಿ, ಬೊಂಬಾಯಿ, ಕುವೈತ್ ಇಷ್ಟೇ. ಆದರೆ ಗಿರಾಕಿ ಎದುರು ಕೂತರೆ ಸಾಕು, ಬ್ರೋಷರಿನಲ್ಲಿ ಓದಿದ ಇಟಲಿಯ ಫ್ಲಾರೆನ್ಸ್ ಅವನ ಮನೆಯ ಹಿತ್ತಿಲಾಗುತ್ತಿತ್ತು.

"ಅಲ್ಲಿನ ಚರ್ಚಿನ ಗುಮ್ಮಟಕ್ಕೆ ನಾನೂರ ಅರುವತ್ತಮೂರು ಮೆಟ್ಟಿಲು ಮಾರಾಯ್ರೆ, ಹತ್ತಿ ನನ್ನ ಮೊಣಕಾಲೇ ಹೋಯ್ತು" ಎನ್ನುತ್ತಿದ್ದ. ನಾವೆಲ್ಲ ಚಹಾ ಕುಡಿಯುತ್ತ ಮುಸಿಮುಸಿ ನಗುತ್ತಿದ್ದೆವು. ಯಾರಿಗೇನು ನಷ್ಟ ಎಂದುಕೊಂಡ ಮೂರ್ಖರಲ್ಲಿ ನಾನೂ ಒಬ್ಬ.

೧೯೯೦ರ ಜುಲೈಯಲ್ಲಿ ಶುವೈಖ್ ಬಂದರಿನ ಗುಮಾಸ್ತ ಕೊನ್ರಾಡ್ ಬಂದರು. ಹೆಂಡತಿ ಬೆಟ್ಟಿ, ಮಗಳು ಲವಿಟಾಗೆ ಇಟಲಿ ತೋರಿಸಿ ಊರಿಗೆ ಹೋಗುವ ಆಸೆ. ಅದೇ ತಿಂಗಳ ಇಪ್ಪತ್ತೆಂಟು, ಶನಿವಾರಕ್ಕೆ ಸೀಟಿತ್ತು. ಸೇಸಪ್ಪ ಬೇಡವೆಂದ.

"ಹಾಗಾದ್ರೆ ಫ್ಲಾರೆನ್ಸಿಗೆ ನಿಮಗೆ ಸೋಮವಾರ ಒಂದೇ ದಿನ ಸಿಗುವುದು. ಸೋಮವಾರ ಅಲ್ಲಿನ ದೊಡ್ಡ ಚಿತ್ರ ಗ್ಯಾಲರಿಗೆ ರಜೆ. ಮುಚ್ಚಿದ ಬಾಗಿಲು ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ಆಗಸ್ಟ್ ಎರಡು, ಗುರುವಾರ ಹೋಗಿ."

"ನೀವು ನೋಡಿದವರು. ನೀವು ಹೇಳಿದ ಹಾಗೆ" ಎಂದರು ಕೊನ್ರಾಡ್.

ಆ ಗುರುವಾರ ಬೆಳಗಾಗುವಾಗ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳಿದ್ದವು. ವಿಮಾನ ನಿಲ್ದಾಣ ಖಲಾಸ್.

ಐದು ದಿನ ಮೊದಲು ಕಳಿಸಿದ್ದರೆ ಅವರು ಬಚಾವಾಗುತ್ತಿದ್ದರು ಎಂದು ಸೇಸಪ್ಪ ತಿಂಗಳಿಡೀ ಕೊರಗಿದ. ಸೆಪ್ಟೆಂಬರಿನಲ್ಲಿ ನಾವು ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಡೇರೆಗಳಿಗೆ ಬಂದೆವು. ಅದೇ ಬಸ್ಸಿನಲ್ಲಿ ಕೊನ್ರಾಡ್ ಸಂಸಾರವೂ ಇತ್ತು. ಬೆಟ್ಟಿಗೆ ಭೇದಿ ಹತ್ತಿ ಏಳಲಾಗುತ್ತಿರಲಿಲ್ಲ. ಅವರ ಪಾಲಿನ ನೀರನ್ನು ಸೇಸಪ್ಪನೇ ಹೊತ್ತು ತರುತ್ತಿದ್ದ.

ತಾಯಿಯನ್ನು ನೋಡಿ ಹೆದರಿದ ಲವಿಟಾ ದಿನವೂ ಅವನನ್ನು ಹಿಡಿದುಕೊಳ್ಳುವಳು. "ಅಂಕಲ್, ಫ್ಲಾರೆನ್ಸ್ ಸ್ಟೋರಿ ಹೇಳಿ, ಪ್ಲೀಸ್." ಅವನು ಸೇತುವೆಯ ಮೇಲಿನ ಚಿನ್ನದ ಅಂಗಡಿಗಳನ್ನೂ ಚರ್ಚಿನೆದುರಿನ ಕಟ್ಟಡದ ಕಂಚಿನ ಬಾಗಿಲನ್ನೂ ಬಣ್ಣಿಸುವನು. ಹೇಳುತ್ತ ಅವನ ಮುಖ ಸಪ್ಪಗಾಗುತ್ತಿತ್ತು.

ಒಂದು ಮಧ್ಯಾಹ್ನ ಗ್ಯಾಲರಿಯ ಕಥೆ ಶುರುಮಾಡಿದಾಗ ಅವಳೇ ತಡೆದಳು. "ಇವತ್ತು ಮಂಡೇ ಅಲ್ವಾ ಅಂಕಲ್? ಕ್ಲೋಸ್ಡ್!"

ಸೇಸಪ್ಪ ಎದ್ದು ನೇರ ನೀರಿನ ಟ್ಯಾಂಕರಿನ ಹತ್ತಿರ ಹೋದ. ಸಾಲಿನಲ್ಲಿ ಕೊನ್ರಾಡ್ ಇದ್ದರು, ನಾನೂ ಇದ್ದೆ.

"ಕೊನ್ರಾಡ್ ಪೊರ್ಬುಗಳೇ, ನಾನು ಅಲ್ಲಿಗೆ ಹೋದವನೇ ಅಲ್ಲ. ಕಾಗದ ಓದಿ ಹೇಳಿದ್ದು. ಅದನ್ನು ನಂಬಿ ನೀವು ಉಳಿದಿರಿ."

"ಗೊತ್ತುಂಟು" ಎಂದರು ಕೊನ್ರಾಡ್. "ಗಡಿಯಲ್ಲಿ ಪಟ್ಟಿ ಬರೆಯುವಾಗ ಎಲ್ಲರ ಪಾಸ್‌ಪೋರ್ಟ್ ನನ್ನ ಕೈಯಲ್ಲಿತ್ತಲ್ಲ. ನಿಮ್ಮದರಲ್ಲಿ ಇಟಲಿಯ ಸೀಲೇ ಇಲ್ಲ."

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಒಮ್ಮೆ ಬೈದುಬಿಡಬಾರದೇ ಎಂದು ನನಗೇ ಸಿಟ್ಟು ಬಂತು.

ನೀರು ತುಂಬಿಸಿಕೊಂಡು ನಾವು ಮೂವರೂ ಡೇರೆಗೆ ಬಂದಾಗ ಬೆಟ್ಟಿ ಎಷ್ಟೋ ದಿನಗಳ ಮೇಲೆ ಎದ್ದು ಕೂತಿದ್ದರು. ಅವರಿಗೆ ಕೊನ್ರಾಡ್ ಲೋಟದಲ್ಲಿ ನೀರು ಕುಡಿಸತೊಡಗಿದರು.

"ಅಂಕಲ್, ಅಲ್ಲಿಗೆ ನೀವು ಎಷ್ಟು ಸಲ ಹೋಗಿದ್ದೀರಿ?" ಎಂದು ಕೇಳಿದಳು ಲವಿಟಾ.

ಲೋಟ ಹಿಡಿದುಕೊಂಡೇ, ಇತ್ತ ತಿರುಗದೆ, ಕೊನ್ರಾಡ್ ಮಗಳಿಗೆ ಉತ್ತರ ಕೊಟ್ಟರು.

"ಎರಡು ಸಲ."

ಸೇಸಪ್ಪ ನೀರಿನ ಡಬ್ಬ ಕೆಳಗಿಟ್ಟು, ಆ ಮಗುವಿನ ಎದುರೇ ಅತ್ತುಬಿಟ್ಟ.