ಬೈರಾಪಟ್ಟಣದಿಂದ ಬಂದ ಅತ್ತೆ

ವಿಚ್ಛೇದನವಾದ ಮೇಲೆ ಗಂಡನ ಕಡೆಯವರು ಯಾರೂ ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಅಂದುಕೊಂಡಿದ್ದೆ. ಮಗಳಿಗಾಗ ಏಳು ವರ್ಷ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಆಫೀಸಿನಲ್ಲಿ ಕೆಲಸ. ನೋಡುವವರಿಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಬಸ್ಸು ಹತ್ತಿದರೆ ಎದೆ ಹೊಡೆದುಕೊಂಡು ಉಸಿರು ಕಟ್ಟುತ್ತಿತ್ತು. ರಜೆಯ ದಿನ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ಸುಸ್ತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಂಥದೊಂದು ಭಾನುವಾರ ಅತ್ತೆ ಬಾಗಿಲು ತಟ್ಟಿದರು. ಮಾಜಿ ಅತ್ತೆ ಅನ್ನಬೇಕೇನೋ, ನನಗೆ ಬಾಯಿಗೆ ಬರುವುದಿಲ್ಲ. ಮೊಮ್ಮಗಳನ್ನು ನೋಡಿಹೋಗಲು ಬೈರಾಪಟ್ಟಣದಿಂದ ಒಂದು ಚೀಲ ಸೊಪ್ಪು, ಜೀವಂತ ಕೋಳಿಯೊಂದನ್ನು ಹಿಡಿದು ಬಂದಿದ್ದರು. ಮಗಳು ಬಾಗಿಲು ತೆಗೆದಳು. ಅತ್ತೆ ಮಲಗಿದ್ದ ನನ್ನನ್ನೂ ತೊಳೆಯದ ಪಾತ್ರೆಗಳನ್ನೂ ನೋಡಿದರು. ಸೆರಗು ಸಿಕ್ಕಿಸಿಕೊಂಡು ಪಾತ್ರೆಗೆ ಕೈ ಹಾಕಿದರು. ಅಷ್ಟರಲ್ಲಿ ಮಗಳು ಕೋಳಿಗೊಂದು ಹೆಸರಿಟ್ಟುಬಿಟ್ಟಳು. ಇನ್ನು ಅದನ್ನು ಕುಯ್ಯುವುದೆಲ್ಲಿ ಬಂತು, ಸೊಪ್ಪಿನ ಸಾರೇ ಆಯಿತು.

ಉಂಡ ಮೇಲೆ ನಾನೇ ಎಲ್ಲ ಹೇಳಿಕೊಂಡೆ.

"ನಂಗೂ ಹಿಂಗೇ ಆಗಿತ್ತು ಕಣವ್ವ," ಅಂದರು ಅತ್ತೆ. "ನಿಮ್ಮಾವ ತೀರ್ಕಂಡಾಗ ನನ್ ಮಗ ಇನ್ನೂ ತೊಟ್ಲಲ್ಲಿದ್ದ. ಹೊಲದ ಬದೀಲಿ ಕೂತ್ರೆ ಏಳಕ್ಕೇ ಆಯ್ತಿರಲಿಲ್ಲ. ದೆವ್ವ ಮೆಟ್ಕಂಡೈತೆ ಅಂದ್ರು. ಡಾಕ್ಟ್ರತ್ರ ಯಾರೂ ಕರ್ಕಂಡೋಗ್ಲಿಲ್ಲ. ನಿನ್ನ ನಾನು ಕರ್ಕಂಡೋಯ್ತೀನಿ."

ದಸರಾ ರಜೆಗೆ ನಾವು ಬೈರಾಪಟ್ಟಣಕ್ಕೆ ಹೊರಟೆವು, ಕೋಳಿಯ ಸಮೇತ. ಕಂಡಕ್ಟರು ಅದಕ್ಕೂ ಟಿಕೆಟ್ ಹರಿದಾಗ ಮಗಳಿಗೆ ಎಲ್ಲಿಲ್ಲದ ಹೆಮ್ಮೆ, ಟಿಕೆಟ್ ತೆಗೆದುಕೊಂಡ ಮೇಲೆ ಸೀಟು ಕೊಡಬೇಕಲ್ಲ ಎಂದು ವಾದಿಸಿದಳು.

ಮರುದಿನ ಅತ್ತೆ ನನ್ನನ್ನು ರಾಮನಗರದ ಮನೋವೈದ್ಯೆಯೊಬ್ಬರ ಬಳಿ ಕರೆದೊಯ್ದರು. ಜೊತೆಗೆ ಬಂದವರು ಯಾರು ಎಂದು ಡಾಕ್ಟರು ಕೇಳಿದರು. ಗಂಡನ ತಾಯಿ, ಆದರೆ ಗಂಡ ಈಗ ಗಂಡನಲ್ಲ ಎಂದು ನಾನು ತಡವರಿಸುತ್ತಿದ್ದೆ. ಅತ್ತೆ ನಡುವೆ ಬಾಯಿ ಹಾಕಿದರು.

"ಮಗ ಬುಟ್ಟವ್ನೆ ಡಾಕ್ಟ್ರೇ. ನಾನು ಬುಟ್ಟಿಲ್ಲ."

ಡಾಕ್ಟರು ನಕ್ಕರು. ನನಗೂ ನಗು ಬಂತು, ನಗುತ್ತಲೇ ಅಳುವೂ ಬಂತು. ಇದು ಖಿನ್ನತೆ, ಜೊತೆಗೆ ಆತಂಕ, ವಾಸಿಯಾಗುತ್ತದೆ ಅಂತ ಅವರು ಬಿಡಿಸಿ ಹೇಳಿದರು. ಮಾತ್ರೆ ಬರೆದುಕೊಟ್ಟರು, ಆಗಾಗ ಬಂದು ಮಾತಾಡಬೇಕು ಅಂದರು.

ಸುದ್ದಿ ಗೊತ್ತಾಗಿ ಮಗ ಅತ್ತೆಗೆ ಫೋನು ಮಾಡಿ ರೇಗಾಡಿದನಂತೆ. ಊಟ ಆಯ್ತೇನಪ್ಪ ಎಂದು ಕೇಳಿ ಅತ್ತೆ ಫೋನಿಟ್ಟರಂತೆ.

ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ಚೆನ್ನಾಗಿದ್ದೇನೆ ಅಂದುಕೊಂಡ ವಾರವೇ ಮತ್ತೆ ಎದೆ ಹೊಡೆದುಕೊಂಡದ್ದುಂಟು. ಆದರೆ ಬಚ್ಚಿಡುವುದನ್ನು ಬಿಟ್ಟೆ. ನಮ್ಮ ಬಿಲ್ಡಿಂಗಿನಲ್ಲಿ ನನ್ನಂತೆಯೇ ಒಬ್ಬಳೇ ಮಗನನ್ನು ಸಾಕುವ ಗೆಳತಿಯೊಬ್ಬಳಿದ್ದಾಳೆ. ಅವಳಿಗೆ ಹೇಳಿದಾಗ ಅವಳು ಒಳಗೆ ಹೋಗಿ ಅಕ್ಕಿ ಡಬ್ಬಿಯಿಂದ ಅದೇ ಮಾತ್ರೆಯ ಶೀಟು ತಂದು ತೋರಿಸಿದಳು. ಇಬ್ಬರೂ ನೆಲದ ಮೇಲೆ ಕೂತು ನಕ್ಕೆವು.

ಈ ಚಳಿಗಾಲ ಅವಳನ್ನೂ ಅವಳ ಮಗನನ್ನೂ ಬೈರಾಪಟ್ಟಣಕ್ಕೆ ಕರೆದುಕೊಂಡು ಹೋದೆ. ಅತ್ತೆ ನೆನೆಹಾಕಿದ ಅವರೆಕಾಳಿನ ಬೇಸಿನ್ ತಂದು ನಮ್ಮ ಮುಂದಿಟ್ಟು, ಹಿಸುಕಿ ಅಂದರು. ಗೆಳತಿ ಹಿಸುಕಿದ ಮೊದಲ ಕಾಳೇ ಚಿಮ್ಮಿ ಅತ್ತೆಯ ಹಣೆಗೆ ಬಡಿಯಿತು. ಅವಳು ಗಾಬರಿಯಾದಳು. ಅತ್ತೆ ಕಾಳನ್ನು ಹೆಕ್ಕಿ ಪಾತ್ರೆಗೆ ಹಾಕಿ, ಒಸಿ ಮೆತ್ತಗೆ ಹಿಸುಕವ್ವ ಅಂದು ಒಲೆ ಹಚ್ಚಲು ಒಳಗೆ ಹೋದರು.