ಕಪ್ಪು ದನದ ಕೆಂಪು ಕರು

ನಾನು ಬಣಕಲ್ ಸುತ್ತಮುತ್ತಲಿನ ಊರುಗಳಿಗೆ ಪಶುವೈದ್ಯನಾಗಿ ಬಂದದ್ದು 2021ರಲ್ಲಿ. ಈ ಪ್ರಕರಣವೂ ಅದೇ ವರ್ಷದ್ದೆಂದು ನನ್ನ ನೆನಪು. ದಿನಚರಿ ಮಾತ್ರ 2022 ಎನ್ನುತ್ತದೆ. ದಿನಚರಿಯನ್ನೇ ನಂಬಿ ಬರೆಯುತ್ತಿದ್ದೇನೆ.

ಜಾವಳಿಯ ಸಣ್ಣ ಬೆಳೆಗಾರ ಮಂಜಪ್ಪಗೌಡರು ಬೆಳಿಗ್ಗೆಯೇ ಫೋನ್ ಮಾಡಿ ಕರೆಸಿಕೊಂಡರು. ಕೊಟ್ಟಿಗೆಯಲ್ಲಿ ಅಚ್ಚ ಕಪ್ಪು ಬಣ್ಣದ ಮಿಶ್ರತಳಿ ದನ, ಪಕ್ಕದಲ್ಲಿ ಎರಡು ದಿನದ ಹೆಣ್ಣುಕರು. ಕರು ಪೂರ್ತಿ ಕೆಂಪು.

“ನಾನು ಕೇಳಿದ್ದು ಎಚ್‌ಎಫ್ ಡಾಕ್ಟ್ರೇ. ಆ ಸುಂದರ ಬಂದು ಜೆರ್ಸಿ ಹಾಕಿ ಹೋಗಿದಾನೆ. ಅವನನ್ನ ಸೊಸೈಟಿ ಕೆಲ್ಸದಿಂದ ತೆಗ್ಸದೆ ನಾನು ಬಿಡಲ್ಲ.”

ಸುಂದರ ಹಾಲಿನ ಸೊಸೈಟಿಯ ಪರವಾಗಿ ಬೈಕಿನಲ್ಲಿ ಊರೂರಿಗೆ ಹೋಗಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಹೆಪ್ಪುಗಟ್ಟಿಸಿದ ವೀರ್ಯ ಸಣ್ಣ ಕಡ್ಡಿಗಳಲ್ಲಿ ಬರುತ್ತದೆ; ಕಡ್ಡಿಯ ಮೇಲೆ ಹೋರಿಯ ನಂಬರ್ ಇರುತ್ತದೆ. ಕೆಂಪು ಬಣ್ಣದ ಜೆರ್ಸಿಗಿಂತ ಕಪ್ಪು-ಬಿಳುಪಿನ ಎಚ್‌ಎಫ್ ತಳಿಗೆ ಹಾಲು ಹೆಚ್ಚು, ಹಾಗಾಗಿ ಗೌಡರಿಗೆ ಅದೇ ಬೇಕಿತ್ತು.

“ಕಪ್ಪು ದನಕ್ಕೂ ಕೆಂಪು ಕರು ಹುಟ್ಟಬಹುದು ಗೌಡ್ರೆ” ಎಂದೆ.

“ಕರು ಕೆಂಪಾದ್ರೆ ಜೆರ್ಸಿ, ಕಪ್ಪು-ಬಿಳಿ ಆದ್ರೆ ಎಚ್‌ಎಫ್ ಅಂತ ಕ್ಯಾಂಪಲ್ಲಿ ಹೇಳಿದ್ದು ನೀವೇ ಅಲ್ವಾ?”

ಹಿಂದೆ ಆ ಊರಿನಲ್ಲಿ ಹೈನುಗಾರರಿಗಾಗಿ ಒಂದು ಕ್ಯಾಂಪ್ ನಡೆಸಿದ್ದೆ. ‘ಸಾಮಾನ್ಯವಾಗಿ’ ಎಂಬ ಮಾತು ಸೇರಿಸಿಯೇ ಹೇಳಿದ್ದೆ ಎಂದು ನನ್ನ ನಂಬಿಕೆ. ಗೌಡರ ಹೆಂಡತಿ ಶಾರದಮ್ಮ ಕ್ಯಾಂಪಿನಲ್ಲಿ ಬರೆದುಕೊಂಡಿದ್ದ ನೋಟ್‌ಬುಕ್ ತಂದರು. ಆ ಪದ ಅದರಲ್ಲಿರಲಿಲ್ಲ. ಅವರು ಬರೆದುಕೊಳ್ಳಲಿಲ್ಲವೋ, ನಾನು ಹೇಳಲೇ ಇಲ್ಲವೋ, ಇವತ್ತಿಗೂ ತಿಳಿಯದು.

“ಈ ದನದ ಅಜ್ಜಿ ಕೆಂಪಿತ್ತು” ಎಂದರು ಶಾರದಮ್ಮ. “ಇವ್ರಿಗೆ ಅದೆಲ್ಲ ಎಲ್ಲಿ ನೆನಪಿರತ್ತೆ? ಹಾಲು ಕರೆದಿದ್ದು ನಾನಲ್ವಾ!”

ಗೌಡರ ದೂರಿನ ಮೇಲೆ ಸೊಸೈಟಿಯವರು ಕರೆದ ಸಭೆಯಲ್ಲಿ ಬಿಡಿಸಿ ಹೇಳಿದೆ. ಕರುವಿಗೆ ಬಣ್ಣದ ಜೀನ್ ತಾಯಿಯಿಂದೊಂದು, ತಂದೆಯಿಂದೊಂದು ಬರುತ್ತದೆ. ಕಪ್ಪಿನ ಜೀನ್ ಕೆಂಪಿನದನ್ನು ಮುಚ್ಚಿಡುತ್ತದೆ. ತಾಯಿ, ತಂದೆ ಇಬ್ಬರಲ್ಲೂ ಕೆಂಪು ಹೀಗೆ ಅಡಗಿದ್ದರೆ ನಾಲ್ಕರಲ್ಲಿ ಒಂದು ಕರು ಕೆಂಪಾಗುವ ಸಂಭವವಿದೆ. ಬಣ್ಣವೊಂದರಿಂದಲೇ ಸುಂದರನನ್ನು ತಪ್ಪಿತಸ್ಥ ಎನ್ನಲಾಗದು.

“ಹಂಗಾದ್ರೆ ಕ್ಯಾಂಪಲ್ಲಿ ಹೇಳಿದ್ದು ಸುಳ್ಳಾ?” ಎಂದರು ಗೌಡರು.

“ಅರ್ಧ ಹೇಳಿದ್ದೆ. ತಪ್ಪು ನನ್ನದು.”

ಸುಂದರನ ಕೆಲಸ ಉಳಿಯಿತು. ಹೊರಗೆ ಬಂದಾಗ ಅವನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ.

“ಸರ್, ಆವತ್ತು ಏಳು ಕೊಟ್ಟಿಗೆ ಸುತ್ತಿದ್ದೆ. ಕಡ್ಡಿ ಇಡೋ ಕ್ಯಾನಲ್ಲಿ ಎರಡೂ ತಳಿ ಇತ್ತು. ರಿಜಿಸ್ಟರಿಗೆ ನಂಬರ್ ಎಲ್ಲ ಸಂಜೆ ಮನೇಲಿ ಕೂತು ನೆನಪಿನ ಮೇಲೆ ಬರ್ದಿದ್ದು. ಗೌಡ್ರ ದನಕ್ಕೆ ಯಾವ್ದು ಹಾಕಿದೆ ಅಂತ ನಂಗೇ ಗ್ಯಾರಂಟಿ ಇಲ್ಲ.”

“ಕೆಲಸ ಉಳಿದಿದೆಯಲ್ಲ ಮಾರಾಯ, ಬಿಡು” ಎಂದುಬಿಟ್ಟೆ.

“ನಾಳೆ ಇನ್ನೊಂದು ಕೊಟ್ಟಿಗೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ ಸರ್? ಡಿಎನ್‌ಎ ಟೆಸ್ಟ್‌ಗೆ ಕಳ್ಸಿ. ಏನೇ ಬಂದ್ರೂ ಸಭೇಲೇ ಓದಿ.”

ಕರುವಿನ ಬಾಲದ ಕೂದಲನ್ನು ಬುಡಸಮೇತ ಅವನೇ ಕಿತ್ತುಕೊಟ್ಟ. ರಿಜಿಸ್ಟರಿನಲ್ಲಿ ಅವನು ಬರೆದಿದ್ದ ನಂಬರಿನ ಹೋರಿಯ ಡಿಎನ್‌ಎ ವಿವರ ವೀರ್ಯ ಕೇಂದ್ರದಲ್ಲಿತ್ತು. ವರದಿಗಾಗಿ ಕಾದ ಅಷ್ಟೂ ವಾರ, ಅವನನ್ನು ಉಳಿಸಿದ ಮೇಲೆ ನಾನೇ ಮುಳುಗಿಸುತ್ತಿದ್ದೇನೆಯೇ ಎಂಬ ಅಳುಕು ಬಿಡಲಿಲ್ಲ. ವರದಿ ಬಂತು: ತಂದೆ ರಿಜಿಸ್ಟರಿನಲ್ಲಿದ್ದ ಎಚ್‌ಎಫ್ ಹೋರಿಯೇ. ಸಭೆಯಲ್ಲಿ ಓದಿದೆ. ಸುಂದರ ತಲೆ ತಗ್ಗಿಸಿ ಕೇಳಿಸಿಕೊಂಡ, ನಗಲಿಲ್ಲ.

ಮುಂದೆ ಗೌಡರ ಇನ್ನೊಂದು ದನ ಬೆದೆಗೆ ಬಂದಾಗ ನಾನೂ ಅಲ್ಲಿದ್ದೆ. ಸುಂದರ ಕಡ್ಡಿಯನ್ನು ಮೊದಲು ಗೌಡರ ಕಣ್ಣಿನ ಮುಂದೆ ಹಿಡಿದ.

“ಓದಿ ಗೌಡ್ರೆ. ನೀವು ಓದಿ, ಅಮ್ಮ ಬರ್ಕೊಂಡ ಮೇಲೇ ಹಾಕೋದು.”

“ಈ ಸಲನಾದ್ರೂ ಕಪ್ಪು ಬರತ್ತೇನೋ?”

“ಅದು ಗೊತ್ತಿಲ್ಲ.”

ಬಿ.ವಿ.ಎಸ್‌ಸಿ. ಓದಿದ ನನಗೆ ‘ಗೊತ್ತಿಲ್ಲ’ ಎಂಬ ಮಾತನ್ನು ಅಷ್ಟು ಸಲೀಸಾಗಿ ಹೇಳಲು ಬರುತ್ತಿರಲಿಲ್ಲ. ಅವನ ಮೇಲಿನ ಆರೋಪ ಬಿದ್ದುಹೋದರೆ ಸಾಕೆಂದು ನಾನು ನಿಂತುಬಿಟ್ಟಿದ್ದೆ. ನಿಜ ಬೇಕೆಂದು ಹಟ ಹಿಡಿದವನು, ಅದರಿಂದ ಕೆಲಸವನ್ನೇ ಕಳೆದುಕೊಳ್ಳಬಹುದಾಗಿದ್ದ ಸುಂದರ.