ಮನೆ ಸಾಲಿನ ತಾಳ

ಚಿಕ್ಕವ್ವನೂ ಸೇರಿ ಅವಳ ಭಜನೆ ಮಂಡಳಿಯ ಹನ್ನೆರಡು ಹೆಂಗಸರೂ ಮೊಳಕಾಲ್ಮೂರಿನ ಒಂದೇ ಬೀದಿಯ ನೇಕಾರರು. ಮರುದಿನ ಚಳ್ಳಕೆರೆಯಲ್ಲಿ, ಮೊದಲ ಸಲ ಹೊರಗಿನವರ ಎದುರು ಹಾಡಬೇಕಿತ್ತು. ಹಾಡು ಚೆನ್ನಾಗಿಯೇ ಇತ್ತು, ಆದರೆ ಲಯ ಏರಿದ ಕೂಡಲೇ ತಾಳಗಳು ಚದುರಿಹೋಗುತ್ತಿದ್ದವು. ಸಂಜೆಯೊಳಗೆ ಸರಿಹೋಗದಿದ್ದರೆ ಬರುವುದಿಲ್ಲವೆಂದು ಫೋನ್ ಮಾಡಿಬಿಡುತ್ತೇನೆ ಎಂದಳು ಚಿಕ್ಕವ್ವ.

ಅವರ ಅಭ್ಯಾಸ ನೋಡಲು ಬಂದಿದ್ದ ನಾನು ಚಳ್ಳಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಒಂದರ ಬಡಿತ ಇನ್ನೊಂದಕ್ಕೆ ತಾಗುತ್ತ ಹಲವು ಲೋಲಕಗಳು ಹೇಗೆ ಒಂದೇ ಲಯಕ್ಕೆ ಬರುತ್ತವೆ ಎಂಬುದೇ ನನ್ನ ಸಂಶೋಧನೆ. ಇಂಥ ಅವಕಾಶ ಬಿಡುತ್ತೇನೆಯೇ? ಮಹಾ ಜಾಣನಂತೆ ದುಂಡಗೆ ಕೂತಿದ್ದವರ ನಡುವೆ ಚಿಕ್ಕವ್ವನನ್ನು ಕೂರಿಸಿ, ಎಲ್ಲರೂ ಅವಳ ತಾಳವನ್ನೇ ಕೇಳಿ ಎಂದೆ. ಗದ್ದಲದಲ್ಲಿ ಅವಳದು ಯಾರಿಗೂ ಕೇಳಿಸಲಿಲ್ಲ. ನನಗೆ ಸರಿಯಾಗಿ ಮಂಗಳಾರತಿಯಾಯಿತು.

ಅವಳನ್ನು ಮತ್ತೆ ಮೊದಲಿನ ಜಾಗಕ್ಕೆ ಕಳಿಸಿ, ಕಣ್ಣು ಮುಚ್ಚಿ ಕೇಳಿದೆ. ತಾಳ ಚದುರಿರಲೇ ಇಲ್ಲ! ಬಾಗಿಲ ಕಡೆಯ ಆರು ಮಂದಿ ಕರಾರುವಾಕ್ಕಾಗಿ ಒಂದಾಗಿದ್ದರು, ಕಿಟಕಿ ಕಡೆಯ ಆರು ಮಂದಿಯೂ ಹಾಗೆಯೇ. ಎರಡು ಗುಂಪುಗಳ ನಡುವೆ ಮಾತ್ರ ಅರ್ಧ ಬಡಿತದ ಅಂತರ. ಯಾವ ಕ್ರಮದಲ್ಲಿ ಕೂತಿದ್ದೀರಿ ಎಂದು ಕೇಳಿದೆ.

"ಮನೆ ಸಾಲಿನಂಗೆ ಕುಂತೀವಿ ಕಣಪ್ಪ. ಇನ್ನೆಂಗೆ ಕುಂತ್ಕಬೇಕು?" ಎಂದಳು ಚಿಕ್ಕವ್ವ.

ಬಾಗಿಲ ಕಡೆಯವರದು ಬೀದಿಯ ಈ ಸಾಲಿನ ಆರು ಮನೆ, ಕಿಟಕಿ ಕಡೆಯವರದು ಎದುರು ಸಾಲಿನ ಆರು. ಗೋಡೆಗೆ ಗೋಡೆ ಅಂಟಿದ ಮನೆಗಳು. ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತ, ಅದರ ಲಯಕ್ಕೇ ದಿನವಿಡೀ ಕೈ ಆಡಿಸುವವರು ಇವರು. ಭಜನೆಯಲ್ಲೂ ಕಿವಿ ಪಕ್ಕದವಳ ಕಡೆಗೇ. ಒಂದು ಸಾಲಿನ ಬಡಿತ ಇನ್ನೊಂದಕ್ಕೆ ತಾಗುತ್ತಿದ್ದುದು ಎರಡು ತುದಿಗಳಲ್ಲಿ ಮಾತ್ರ. ಕಪ್ಪುಹಲಗೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದು ಇದನ್ನೇ ಎಷ್ಟು ಸಲ ಪಾಠ ಮಾಡಿದ್ದೇನೋ, ಎದುರಿಗೇ ಕೂತಿದ್ದರೂ ಕಂಡಿರಲಿಲ್ಲ.

ಬಡಿತ ನಡುವೆಯೂ ತಾಗಲೆಂದು ಎರಡೂ ಸಾಲಿನ ನಡುವಿನಿಂದ ಇಬ್ಬಿಬ್ಬರನ್ನು ಎಬ್ಬಿಸಿ ಅದಲುಬದಲು ಮಾಡಿದೆ. ಪಕ್ಕದ ಮನೆಯವಳನ್ನು ಬಿಟ್ಟು ಕೂರಬೇಕಲ್ಲ ಎಂದು ಮುಖ ಊದಿಸಿಕೊಂಡರು. ಲಯ ಏರಿತು. ಹನ್ನೆರಡು ತಾಳ, ಒಂದೇ ಸದ್ದು. ನಾನು ಕುಣಿಯುವುದೊಂದು ಬಾಕಿ.

ಮರುದಿನ ಚಳ್ಳಕೆರೆಯಲ್ಲಿ ವೇದಿಕೆ ಹತ್ತಿದವರೇ ಮತ್ತೆ ಮನೆ ಸಾಲಿನಂತೆ ಕೂತುಬಿಟ್ಟರು. ಕೆಳಗಿದ್ದ ನಾನು ಎದ್ದು ನಿಂತೆ. ಕೈ ಬೀಸಿದೆ, ಯಾರೂ ನೋಡಲಿಲ್ಲ. ಚಿಕ್ಕವ್ವ ಒಮ್ಮೆ ಸುತ್ತ ಕಣ್ಣಾಡಿಸಿದಳು. ತಾನೇ ಎದ್ದು ಹೋಗಿ ಎದುರು ಸಾಲಿನವರ ನಡುವೆ ಜಾಗ ಮಾಡಿಕೊಂಡು ಕೂತಳು.

"ಏಳ್ರೇ, ಇಲ್ಲಿ ಗೋಡೆ ಇಲ್ಲ," ಎಂದಳು.

ಮೂವರು ಎದ್ದು ಜಾಗ ಬದಲಿಸಿದರು. ಹಾಡು ಏರುತ್ತ ಹೋಯಿತು, ತಾಳ ಎಲ್ಲೂ ಒಡೆಯಲಿಲ್ಲ. ಖುಷಿ ತಡೆಯಲಾರದೆ ನಾನೂ ಚಪ್ಪಾಳೆ ತಟ್ಟಿದೆ. ಇಡೀ ಸಭೆಯಲ್ಲಿ ತಾಳ ತಪ್ಪಿದ್ದು ನನ್ನದೊಂದೇ.